ನಾಲ್ಕು ದಿನ ಬಾಕಿ

ಜೂನ್ ಒಂಬತ್ತು, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗ್ಯಾಸ್ ಒಲೆ ರಿಪೇರಿ ಮಾಡುವವನೊಬ್ಬ ಮಗಳನ್ನು ಕರೆದುಕೊಂಡು ಠಾಣೆಯ ಮೆಟ್ಟಿಲು ಹತ್ತಿದ. ಅಂಗಡಿಯಿಂದ ನೇರ ಬಂದಿದ್ದಿರಬೇಕು, ಬೆರಳುಗಳ ಮಸಿ ಹಾಗೇ ಇತ್ತು. ಮಗಳು ಕಾಲೇಜಿನ ಕೊನೆಯ ವರ್ಷದವಳು. ಎದೆಗೆ ಒಂದು ಪ್ಲಾಸ್ಟಿಕ್ ಫೈಲು ಅವಚಿಕೊಂಡಿದ್ದಳು.

ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್ ತಲೆ ಎತ್ತದೆ ಕೇಳಿದ.

"ಏನು ಕಳವಾಯ್ತು?"

"ಏನೂ ಕಳವಾಗಿಲ್ಲ ಸಾರ್."

"ಹೊಡೆದಾಟಾನಾ?"

"ಅಲ್ಲ ಸಾರ್."

"ಮತ್ತೆ ಇನ್ಯಾಕೆ ಬಂದ್ರಿ, ನಮ್ಮ ಒಲೆ ನೋಡೋಕಾ? ಅದೂ ಕೆಟ್ಟಿದೆ, ನೋಡಿ ಹೋಗಿ."

ಅಪ್ಪ ನಗಲಿಲ್ಲ. "ಮಗಳ ಸರ್ಟಿಫಿಕೇಟು ಸುಳ್ಳಂತೆ" ಅಂದ.

ರೈಟರ್ ಇಬ್ಬರನ್ನೂ ಇನ್ಸ್‌ಪೆಕ್ಟರ್ ಕೋಣೆಗೆ ಕಳಿಸಿದ. ಇನ್ಸ್‌ಪೆಕ್ಟರ್ ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ದಫೇದಾರರು ಕೂತಿದ್ದರು. ಇಪ್ಪತ್ತೊಂಬತ್ತು ವರ್ಷ ಖಾಕಿ ತೊಟ್ಟವರು, ಮಾತು ಕಡಿಮೆ. ಅಪ್ಪ ಹೇಳಿದ್ದು ಹಿಂದುಮುಂದಾಗಿತ್ತು. ಮಗಳು ನಡುನಡುವೆ ಸರಿಪಡಿಸಿದಳು. ಒಟ್ಟಿನಲ್ಲಿ ವಿಷಯ ಇಷ್ಟು.

ಕೊನೆಯ ವರ್ಷದಲ್ಲಿ ತೊಂಬತ್ತು ದಿನ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಲೇಬೇಕೆಂಬುದು ಕಾಲೇಜಿನ ನಿಯಮ. ಇವಳ ಓದು ಯಂತ್ರದ ವಿಭಾಗದ್ದು. ಇವಳೂ ಸೇರಿ ಹನ್ನೆರಡು ಜನ ಒಂದು ಕಾರ್ಖಾನೆಯ ತರಬೇತಿ ಶೆಡ್ಡಿಗೆ ಜನವರಿಯಿಂದ ಏಪ್ರಿಲ್‌ವರೆಗೆ ಹೋಗಿ ಬಂದರು. ಹನ್ನೊಂದು ಜನಕ್ಕೆ ಸರ್ಟಿಫಿಕೇಟ್ ಸಿಕ್ಕಿತು. ಮೇ ತಿಂಗಳಲ್ಲಿ ಪಂಪ್ ತಯಾರಿಸುವ ಕಂಪನಿಯೊಂದು ಇವಳನ್ನು ಕೆಲಸಕ್ಕೆ ಆರಿಸಿಕೊಂಡಿತು. ಅಲ್ಲಿನವರು ವಾಡಿಕೆಯಂತೆ ಕಾಗದಗಳನ್ನು ತಾಳೆ ನೋಡಿದಾಗ, ತರಬೇತಿ ಕೊಟ್ಟ ಕಾರ್ಖಾನೆ ಮುಚ್ಚಿ ಆರು ವರ್ಷವಾಗಿದೆ ಎಂದು ಗೊತ್ತಾಯಿತು. ಕೆಲಸದ ಪತ್ರ ವಾಪಸ್ ಹೋಯಿತು. ಕಾಲೇಜಿನವರು ಹನ್ನೊಂದು ಜನರ ಅಂಕಪಟ್ಟಿ ತಡೆಹಿಡಿದರು.

"ಇಪ್ಪತ್ತನೇ ತಾರೀಕು ಕಮಿಟಿ ಕೂರುತ್ತಂತೆ" ಅಂದ ಅಪ್ಪ. "ಮಕ್ಕಳೇ ಗೊತ್ತಿದ್ದೂ ಸುಳ್ಳು ಸರ್ಟಿಫಿಕೇಟ್ ತಂದಿದ್ದಾರೆ ಅಂತಾದ್ರೆ ಡಿಬಾರ್ ಮಾಡ್ತಾರಂತೆ. ಮೂರು ವರ್ಷ ಓದಿದ್ದೆಲ್ಲ ಹೋಗುತ್ತೆ ಸಾರ್. ಮೋಸ ಹೋಗಿದ್ದಾರೆ ಅಂತ ಪೊಲೀಸರು ಬರೆದುಕೊಟ್ರೆ ನೋಡ್ತೀವಿ ಅಂದ್ರು ಪ್ರಿನ್ಸಿಪಾಲರು."

"ಸರ್ಟಿಫಿಕೇಟ್ ಕೊಟ್ಟವನು ಎಷ್ಟು ತಗೊಂಡ?"

"ಒಂದು ಕಾಸೂ ತಗೊಂಡಿಲ್ಲ."

ಇನ್ಸ್‌ಪೆಕ್ಟರ್ ಹುಡುಗಿಯ ಕಡೆ ತಿರುಗಿದರು. "ಮನೆ ಕೆಲಸ, ಗಿನೆ ಕೆಲಸ ಏನಾದ್ರೂ ಮಾಡಿಸಿಕೊಂಡನಾ? ಕೆಟ್ಟದಾಗಿ ನಡ್ಕೊಂಡನಾ? ಹೆದರಬೇಡ, ಹೇಳಮ್ಮ."

"ಇಲ್ಲ ಸಾರ್. ಬೆಳಿಗ್ಗೆ ಎಂಟಕ್ಕೆ ಅರ ಕೊಡ್ತಿದ್ರು, ನಾಲ್ಕೂವರೆಗೆ ವಾಪಸ್ ತಗೋತಿದ್ರು. ಕಬ್ಬಿಣ ಉಜ್ಜೋದು, ಅಷ್ಟೇ."

"ಅವನ ಹೆಸರು?"

"ಮೇಷ್ಟ್ರು ಅಂತಿದ್ವಿ. ಸಹಿ ಓದೋಕಾಗಲ್ಲ. ಫೋನ್ ಮಾಡಿದ್ರೆ ಈಗ ಎತ್ತಲ್ಲ."

ದಫೇದಾರರು ಸರ್ಟಿಫಿಕೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ದಪ್ಪ ಕಾಗದ, ಒತ್ತಿದ ಮುದ್ರೆ, ಕ್ರಮಸಂಖ್ಯೆ 2121. ಕೆಳಗೆ ಎರಡು ಸಹಿಯ ಜಾಗ. 'ತರಬೇತಿ ಅಧಿಕಾರಿ' ಎಂಬಲ್ಲಿ ಸಹಿ ಇತ್ತು. 'ವ್ಯವಸ್ಥಾಪಕರು' ಎಂಬಲ್ಲಿ ಸಣ್ಣ ದುಂಡು ಅಕ್ಷರದಲ್ಲಿ 'ಹುದ್ದೆ ಖಾಲಿ ಇದೆ' ಎಂದು ಬರೆದಿತ್ತು.

"ಸಾರ್, ಇಲ್ಲಿ ನೋಡಿ."

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. "ಒಂದು ಸಹಿ ಸುಳ್ಳು ಮಾಡಿದವನಿಗೆ ಇನ್ನೊಂದು ಮಾಡೋಕೆ ಏನು ರೋಗ?"

"ಅದೇ ನೋಡ್ತಾ ಇದೀನಿ" ಅಂದರು ದಫೇದಾರರು.

ಹನ್ನೊಂದು ನಲವತ್ತೈದಕ್ಕೆ ಮೋಸ ಮತ್ತು ಖೊಟ್ಟಿ ದಾಖಲೆ ಸೃಷ್ಟಿಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಮಹಿಳಾ ಕಾನ್‌ಸ್ಟೇಬಲ್ ಹುಡುಗಿಯ ಹೇಳಿಕೆ ಬರೆದುಕೊಂಡಳು. ಅಪ್ಪ ಪಕ್ಕದಲ್ಲೇ ಕೂತಿದ್ದ.

"ಕಾರ್ಖಾನೆ ಮುಚ್ಚಿರೋದು ನಿನಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ" ಅಂದಳು ಹುಡುಗಿ.

ಹತ್ತನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರೂ ದಫೇದಾರರೂ ಕಾಲೇಜಿಗೆ ಹೋದರು. ಇಂಟರ್ನ್‌ಶಿಪ್ ನೋಡಿಕೊಳ್ಳುವ ಉಪನ್ಯಾಸಕನ ಕೋಣೆ ಮೆಟ್ಟಿಲಿನ ಅಡಿಯಲ್ಲಿತ್ತು. ಗೋಡೆಗೆ ದೊಡ್ಡ ಚಾರ್ಟು. ಲೆಕ್ಕಶಾಸ್ತ್ರದವರು ಆಡಿಟರ ಕಚೇರಿಗೆ, ಮನಶ್ಶಾಸ್ತ್ರದವರು ಆಸ್ಪತ್ರೆಗೆ, ಪತ್ರಿಕೋದ್ಯಮದವರು ಪತ್ರಿಕೆಗೆ, ಆಹಾರ ವಿಜ್ಞಾನದವರು ಬಿಸ್ಕತ್ತಿನ ಕಾರ್ಖಾನೆಗೆ ಎಂದು ಬಣ್ಣಬಣ್ಣದ ಚೀಟಿ ಅಂಟಿಸಿದ್ದರು. ಚೀಟಿಗಿಂತ ಖಾಲಿ ಚೌಕಗಳೇ ಹೆಚ್ಚು.

"ಇನ್ನೂರ ಹತ್ತು ಮಕ್ಕಳು ಸಾರ್, ಅರವತ್ತು ಜಾಗ" ಅಂದ ಉಪನ್ಯಾಸಕ. "ನಾನು ಮಗಳಿಗೆ ಗಂಡು ಹುಡುಕೋ ಹಾಗೆ ಕಂಪನಿಗಳ ಬಾಗಿಲು ಸುತ್ತುತೀನಿ. ಎಲ್ಲರೂ ಕೂರಿಸಿ ಕಾಫಿ ಕೊಡ್ತಾರೆ. ಹೇಳಿ ಕಳಿಸ್ತೀವಿ ಅಂತಾರೆ. ಅಷ್ಟೇ."

"ಇವನು ಹೇಗೆ ಸಿಕ್ಕ?"

"ಡಿಸೆಂಬರ್‌ನಲ್ಲಿ ತಾವೇ ನಡ್ಕೊಂಡು ಬಂದ್ರು. ಇಸ್ತ್ರಿ ಮಾಡಿದ ಶರ್ಟು. ಲೆಟರ್‌ಹೆಡ್ ಕೊಟ್ಟರು. ಹನ್ನೆರಡು ಜನ ಕಳಿಸಿ, ಎಂಟು ಗಂಟೆ ಅಂದ್ರೆ ಎಂಟಕ್ಕೇ ಬರಬೇಕು ಅಂದ್ರು. ಯಂತ್ರದ ವಿಭಾಗದಲ್ಲಿ ಹನ್ನೆರಡೇ ಜನ ಉಳಿದಿದ್ದರು. ನನಗೆ ಕಾಲಿಗೆ ಬೀಳೋಣ ಅನ್ನಿಸಿತು."

"ವಿಚಾರಿಸಲಿಲ್ವಾ?"

"ಕಾಗದ ಅಷ್ಟು ದಪ್ಪ ಇತ್ತು ಸಾರ್."

"ಸರ್ಟಿಫಿಕೇಟಿನಲ್ಲಿ ವ್ಯವಸ್ಥಾಪಕರ ಹುದ್ದೆ ಖಾಲಿ ಇದೆ ಅಂತ ಬರೆದಿದೆ. ಓದಿದ್ರಾ?"

ಉಪನ್ಯಾಸಕ ಓದಿರಲಿಲ್ಲ. ಅವನು ದಿನಗಳ ಲೆಕ್ಕ ಮಾತ್ರ ನೋಡಿದ್ದ. ದಿನ ತೊಂಬತ್ತು ಸರಿ ಇತ್ತು.

ಹನ್ನೊಂದನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಇನ್ಸ್‌ಪೆಕ್ಟರ್, ದಫೇದಾರರು, ಮಹಿಳಾ ಕಾನ್‌ಸ್ಟೇಬಲ್, ಇಬ್ಬರು ಪಂಚರು ಕಾರ್ಖಾನೆಗೆ ಹೋದರು. ಜಾಗ ತೋರಿಸಲು ಹುಡುಗಿಯೂ ಅಪ್ಪನೂ ಬಂದಿದ್ದರು. ಮುಂದಿನ ಗೇಟಿಗೆ ಕೋರ್ಟಿನ ಬೀಗ, ಅದರ ಮೇಲೆ ಅರಗು. ಅರಗಿನ ಕೆಂಪು ಬಿಸಿಲಿಗೆ ಬೆಳ್ಳಗಾಗಿತ್ತು. ಗೇಟಿನ ಒಳಗೆ ಗಿಡ ಆಳೆತ್ತರ ಬೆಳೆದಿತ್ತು.

"ನಾವು ಈ ಕಡೆ ಬರ್ತಿರಲಿಲ್ಲ" ಅಂದಳು ಹುಡುಗಿ.

ಅವಳು ಗೋಡೆಯನ್ನು ಬಳಸಿಕೊಂಡು ಹಿಂದಿನ ಬೀದಿಗೆ ಕರೆದುಕೊಂಡು ಹೋದಳು. ಅಲ್ಲಿ ಲಾಂಡ್ರಿ, ಟೈರಿನ ಅಂಗಡಿ, ಅವುಗಳ ನಡುವೆ ಒಂದು ಹಸಿರು ಬಾಗಿಲು. ಕಾರ್ಖಾನೆಯ ಆಸ್ತಿ ಜಪ್ತಿ ಮಾಡಲು ಬಂದವರು ಮುಂದಿನ ಗೇಟಿನ ನಕ್ಷೆ ಹಿಡಿದು ಬಂದಿದ್ದರು. ಯಂತ್ರಗಳ ಪಟ್ಟಿ ಮಾಡಿ, ಯಂತ್ರ ಇದ್ದ ಕಟ್ಟಡಗಳಿಗೆಲ್ಲ ಬೀಗ ಹಾಕಿದರು. ತರಬೇತಿ ಶೆಡ್ಡಿನಲ್ಲಿ ಯಂತ್ರವೇ ಇರಲಿಲ್ಲ. ಅದು ಯಾರ ಪಟ್ಟಿಗೂ ಬರಲಿಲ್ಲ.

ಬೀಗ ಒಡೆದು ಒಳಗೆ ಹೋದರು. ಒಳಗೆ ಧೂಳಿಲ್ಲ. ಎರಡು ಸಾಲು ಮರದ ಬೆಂಚು, ಬೆಂಚಿಗೊಂದು ಕಬ್ಬಿಣ ಕಚ್ಚಿ ಹಿಡಿಯುವ ವೈಸು. ಗೋಡೆಯ ಮೊಳೆಗಳಲ್ಲಿ ದೊಡ್ಡದರಿಂದ ಸಣ್ಣದರವರೆಗೆ ಅರಗಳು. ಕರೆಂಟು ಕಿತ್ತು ಆರು ವರ್ಷವಾಗಿತ್ತು, ಮಾಡಿನ ಗಾಜಿನಿಂದ ಬೆಳಕು ಬೀಳುತ್ತಿತ್ತು. ಕೈಕೆಲಸಕ್ಕೆ ಅಷ್ಟು ಸಾಕು. ಒಂದು ಹಲಗೆಯ ಮೇಲೆ ಹನ್ನೆರಡು ಉಕ್ಕಿನ ತಟ್ಟೆಗಳಿದ್ದವು. ಪ್ರತಿ ತಟ್ಟೆಯ ನಡುವೆ ಚೌಕದ ತೂತು, ತೂತಿನಲ್ಲಿ ಚೌಕದ ತುಂಡು. ದಫೇದಾರರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಸಂದಿಯಲ್ಲಿ ಬೆಳಕು ದಾಟಲಿಲ್ಲ. ತುಂಡನ್ನು ತೆಗೆದು ತಿರುಗಿಸಿ ಹಾಕಿದರು. ಆಗಲೂ ದಾಟಲಿಲ್ಲ.

"ನಾಲ್ಕು ಕಡೆಯಿಂದ ಹಾಕಿದ್ರೂ ಹಾಗೇ ಕೂರಬೇಕು" ಅಂದಳು ಹುಡುಗಿ. "ಅದಕ್ಕೆ ಎರಡು ತಿಂಗಳು ಬೇಕು."

"ಇದು ಯಾರದು?"

"ನಂದೇ ಸಾರ್. ಹಿಂದೆ ನಂಬರ್ ಹೊಡೆದಿದೆ ನೋಡಿ."

ಇನ್ಸ್‌ಪೆಕ್ಟರ್ ಪಂಚರೊಂದಿಗೆ ಮೇಜಿನ ಡ್ರಾಯರು ತೆಗೆಸುತ್ತಿದ್ದರು. ಅಪ್ಪ ಬಾಗಿಲ ಹೊರಗೆ ಬೀಡಿ ಹಚ್ಚಿದ್ದ. ದಫೇದಾರರು ತಟ್ಟೆಯನ್ನು ಇದ್ದಲ್ಲೇ ಇಟ್ಟು ಮೆಲ್ಲಗೆ ಕೇಳಿದರು.

"ನಾಲ್ಕು ತಿಂಗಳು ಬಂದಿದೀರಿ. ಮುಂದಿನ ಗೇಟು ಇಲ್ಲಿಂದ ಇನ್ನೂರು ಹೆಜ್ಜೆ. ಒಬ್ಬರೂ ಹೋಗಿ ನೋಡಲಿಲ್ವಾ ತಾಯಿ?"

ಹುಡುಗಿ ತಟ್ಟೆಯನ್ನೇ ನೋಡುತ್ತಿದ್ದಳು.

"ನಾನು ಹೋಗಿದ್ದೆ."

"ಯಾವಾಗ?"

"ಎರಡನೇ ತಿಂಗಳು. ಟೈರ್ ಅಂಗಡಿಯವರು ಏನೋ ಅಂದ್ರು. ಹೋಗಿ ಬೀಗ ನೋಡಿದೆ."

"ಆಮೇಲೆ?"

"ವಾಪಸ್ ಬಂದು ಮೇಷ್ಟ್ರಿಗೆ ಹೇಳಿದೆ, ಮುಂದೆ ಕೋರ್ಟಿನ ಬೀಗ ಇದೆ ಅಂತ."

"ಏನಂದ್ರು?"

"ನಿನ್ನ ತುಂಡು ಎಡಗಡೆ ಇನ್ನೂ ಎತ್ತರ ಇದೆ, ಉಜ್ಜು ಅಂದ್ರು." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಾನು ಉಜ್ಜಿದೆ ಸಾರ್. ಇಪ್ಪತ್ತೇಳು ಕಡೆ ಅರ್ಜಿ ಹಾಕಿದ್ದೆ. ಹುಡುಗೀರಿಗೆ ವರ್ಕ್‌ಶಾಪಲ್ಲಿ ಬಾತ್‌ರೂಮ್ ಇಲ್ಲ ಅಂತ ಒಂಬತ್ತು ಕಡೆ ಹೇಳಿದ್ರು. ಉಳಿದವರು ಏನೂ ಹೇಳಲಿಲ್ಲ. ಬೇರೆಯವರಿಗೆ ನಾನು ಹೇಳಲಿಲ್ಲ. ಅಪ್ಪಂಗೂ ಗೊತ್ತಿಲ್ಲ."

ದಫೇದಾರರು ತಟ್ಟೆಯನ್ನು ಸಾಲಿಗೆ ಸರಿಸಿಟ್ಟರು. ಇನ್ಸ್‌ಪೆಕ್ಟರ್ ಕರೆದರು, ಅವರು ಹೋದರು.

ಡ್ರಾಯರಿನಲ್ಲಿ ಮುದ್ರೆ, ಹಾಜರಿ ಪುಸ್ತಕ ಮತ್ತು ಸರ್ಟಿಫಿಕೇಟಿನ ರಿಜಿಸ್ಟರು ಸಿಕ್ಕಿದವು. ರಿಜಿಸ್ಟರು ಮೂವತ್ತು ವರ್ಷ ಹಿಂದಿನಿಂದ ಶುರುವಾಗಿತ್ತು. 2106ರವರೆಗೆ ಎಲ್ಲದಕ್ಕೂ ಸಹಿ. 2107ರಿಂದ 2117ರವರೆಗೆ ಹನ್ನೊಂದು ಹೆಸರು, ಸಹಿಯ ಜಾಗ ಖಾಲಿ, ಪ್ರತಿ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ 292. ಅಲ್ಲಿಂದ ಈ ಕಾಲೇಜಿನ ಹನ್ನೊಂದು ಹೆಸರು, ಮುಂದೆ 90, ಸಹಿ. ಕೊನೆಯದು 2129. ಸಹಿ ಇಲ್ಲ, ಪೆನ್ಸಿಲ್ಲಿನಲ್ಲಿ 86.

"ಇದು ಯಾರು?"

"ನನ್ನ ಗೆಳತಿ" ಅಂದಳು ಹುಡುಗಿ. "ಮಾರ್ಚ್‌ನಲ್ಲಿ ಅರ ಜಾರಿ ಬೆರಳು ಕುಯ್ದುಕೊಂಡಳು. ಹೊಲಿಗೆ ಬಿತ್ತು. ನಾಲ್ಕು ದಿನ ಬರಲಿಲ್ಲ. ಅದಕ್ಕೆ ಅವಳಿಗೆ ಕೊಡಲಿಲ್ಲ. ಅತ್ತರೂ ಕೊಡಲಿಲ್ಲ."

ಪಂಚನಾಮೆ ಮುಗಿದಾಗ ಹನ್ನೆರಡು ಐವತ್ತು. ಠಾಣೆಗೆ ಹಿಂತಿರುಗುವಾಗ ಜೀಪಿನಲ್ಲಿ ದಫೇದಾರರು ಹೇಳಿದರು.

"ಆ ಹುಡುಗಿಗೆ ಗೊತ್ತಿತ್ತು ಸಾರ್. ಮೇಷ್ಟ್ರಿಗೂ ಗೊತ್ತು, ಅವಳಿಗೆ ಗೊತ್ತಿದೆ ಅಂತ."

ಇನ್ಸ್‌ಪೆಕ್ಟರ್ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು. "ಹೇಳಿಕೆಯಲ್ಲಿ ಏನಿದೆ?"

"ಗೊತ್ತಿರಲಿಲ್ಲ ಅಂತ ಇದೆ."

"ಹಾಗಾದ್ರೆ ಅವನು ಏನು ಹೇಳ್ತಾನೆ ನೋಡೋಣ. ಗೊತ್ತಿತ್ತು ಅಂದ್ರೆ ನಾನು ಅದನ್ನೇ ಬರೀಬೇಕು. ಅವಳು ಒಬ್ಬಳೇ ಡಿಬಾರ್ ಆಗ್ತಾಳೆ. ಗೊತ್ತಿರಲಿಲ್ಲ ಅಂದ್ರೆ ಅದನ್ನೇ ಬರೀತೀನಿ."

"ಆಗ್ಲಿ ಸಾರ್."

ಹನ್ನೆರಡನೇ ತಾರೀಕು, ಗುರುವಾರ. ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡುತ್ತಿದ್ದ ಮುದುಕರೊಬ್ಬರು ಮೊಮ್ಮಗಳ ಮನೆಯಲ್ಲಿದ್ದರು. ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಅಲ್ಲಿಗೆ ಹೋದರು. ಮುದುಕರು ಸಹಿ ನೋಡಿದ ಕೂಡಲೇ ಹೇಳಿದರು.

"ಇದು ಕೂದಲೆಳೆ."

"ಏನು?"

"ಕೂದಲೆಳೆ ಮೇಷ್ಟ್ರು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ತುಂಡನ್ನ ಬುಟ್ಟಿಗೆ ಎಸೀತಿದ್ದ ಪುಣ್ಯಾತ್ಮ. ಹೆಂಡತಿ ಮಾಡಿದ ಚಪಾತಿಗೂ ಅಳತೆ ಹಿಡೀತಾನೆ ಅಂತ ನಾವು ನಗ್ತಿದ್ವಿ. ಈಗ ಅವಳಿಲ್ಲ. ಮಕ್ಕಳಿಲ್ಲ."

"ಈ ಹನ್ನೊಂದು ಜನ ಯಾರು? ಇನ್ನೂರ ತೊಂಬತ್ತೆರಡು ಅಂದ್ರೆ?"

ಮುದುಕರ ನಗು ನಿಂತಿತು. "ಕೊನೆಯ ತಂಡದ ಅಪ್ರೆಂಟಿಸ್‌ಗಳು. ಮುನ್ನೂರು ದಿನ ಆಗಬೇಕಿತ್ತು. ಎಂಟು ದಿನ ಉಳಿದಾಗ ಗೇಟು ಮುಚ್ಚಿದ್ರು. ಸಹಿ ಹಾಕಿ ಬಿಸಾಕೋ ಮಾರಾಯ, ಯಾರು ಎಣಿಸ್ತಾರೆ ಅಂದೆ ನಾನು. ಮುನ್ನೂರು ಅಂದ್ರೆ ಮುನ್ನೂರು ಅಂದ. ಆ ಹುಡುಗರು ಮನೆಗೆ ಹೋಗಿ ಬೇಡಿಕೊಂಡ್ರು. ಒಬ್ಬನ ತಾಯಿ ಎರಡು ದಿನ ಬಾಗಿಲಲ್ಲಿ ಕೂತಿದ್ದಳು. ಹಾಕಲಿಲ್ಲ."

"ಅವರೆಲ್ಲ ಈಗ?"

"ಸರ್ಟಿಫಿಕೇಟ್ ಇಲ್ಲದ ಫಿಟ್ಟರನ್ನ ಯಾವ ಕಾರ್ಖಾನೆ ತಗೊಳ್ಳುತ್ತೆ? ಒಬ್ಬ ಅಂಗಡಿ ಕಾಯ್ತಾನೆ. ಒಬ್ಬ ಕಿಟಕಿ ಗ್ರಿಲ್ ಮಾಡ್ತಾನೆ. ಉಳಿದವರು ಗೊತ್ತಿಲ್ಲ."

ಮುದುಕರು ಹೇಳಿದ ವಿಳಾಸದಲ್ಲಿ ಮೇಷ್ಟ್ರ ಬಾಡಿಗೆ ಕೋಣೆಗೆ ಬೀಗ ಬಿದ್ದಿತ್ತು. ಮೇ ಕೊನೆಯಿಂದ ಕಂಡಿಲ್ಲ ಅಂದರು ಕೆಳಗಿನ ಮನೆಯವರು. ಕಾಲೇಜಿನಿಂದ ವಿಚಾರಣೆಯ ಫೋನು ಹೋಗಿದ್ದೂ ಆ ದಿನಗಳಲ್ಲೇ.

ಇನ್ಸ್‌ಪೆಕ್ಟರ್ ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ಚಹರೆ ಕಳಿಸೋಣ ಅಂದರು.

"ಕಳಿಸಿ ಸಾರ್" ಅಂದರು ದಫೇದಾರರು. "ಆದರೆ ಅವರು ಊರು ಬಿಟ್ಟಿರಲ್ಲ."

"ಯಾಕೆ?"

"ನಾಲ್ಕು ದಿನ ಬಾಕಿ ಇದೆಯಲ್ಲ."

ಇನ್ಸ್‌ಪೆಕ್ಟರಿಗೆ ನಗು ಬಂತು. "ಪೊಲೀಸರು ಬೆನ್ನು ಹತ್ತಿರುವಾಗ ಯಾರಾದರೂ ಪಾಠ ಮಾಡೋಕೆ ಬರ್ತಾರೇನ್ರೀ ದಫೇದಾರ್ರೇ?"

"ಬೇರೆಯವರು ಬರಲ್ಲ ಸಾರ್."

ಆದರೂ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಬೆರಳು ಕುಯ್ದುಕೊಂಡ ಗೆಳತಿಯ ಮನೆಗೆ ಹೋದರು. ತಾಯಿ ಬಾಗಿಲು ತೆಗೆದಳು. ಖಾಕಿ ನೋಡಿ ಸೆರಗು ಸರಿಮಾಡಿಕೊಂಡಳು.

"ಮಗಳು ಎಲ್ಲಮ್ಮ?"

"ಟ್ರೈನಿಂಗಿಗೆ ಹೋಗಿದಾಳೆ ಸಾರ್. ನಿನ್ನೆಯಿಂದ. ಅವರ ಮೇಷ್ಟ್ರು ಫೋನ್ ಮಾಡಿದ್ರು, ಉಳಿದ ದಿನ ಬಂದು ಮುಗಿಸು ಅಂತ. ಸೇತುವೆ ಹತ್ರ ಯಾವುದೋ ಗ್ರಿಲ್ ಅಂಗಡಿ."

ಇನ್ಸ್‌ಪೆಕ್ಟರ್ ದಫೇದಾರರ ಮುಖ ನೋಡಿದರು. ದಫೇದಾರರು ಆಗಲೇ ಜೀಪಿನ ಕಡೆ ಹೊರಟಿದ್ದರು.

ಗ್ರಿಲ್ ಅಂಗಡಿ ಸೇತುವೆಯ ಆಚೆ ಇತ್ತು. ಮಾಲೀಕನ ಹೆಸರು ಬೋರ್ಡಿನ ಮೇಲೆ ಬರೆದಿತ್ತು. ದಫೇದಾರರು ಅದನ್ನು ರಿಜಿಸ್ಟರಿನಲ್ಲಿ ಓದಿದ್ದರು, ಕ್ರಮಸಂಖ್ಯೆ 2112. ಅವನು ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ಎದ್ದು ನಿಂತ.

"ಒಳಗಿದಾರೆ" ಅಂದ, ಕೇಳುವ ಮೊದಲೇ.

"ನಿನಗೆ ಅವರ ಮೇಲೆ ಸಿಟ್ಟಿಲ್ವೇನಪ್ಪ?"

"ಇತ್ತು. ಆರು ವರ್ಷ ಎಲ್ಲಿ ಇಟ್ಕೊಳ್ಳಲಿ ಸಾರ್. ಒಂದು ಬೆಂಚು ಕೊಡು ಅಂದ್ರು. ಕೊಟ್ಟೆ."

ಒಳಗಿನ ಗೋಡೆಯ ಪಕ್ಕ ಒಂದೇ ವೈಸು. ಆ ಗೆಳತಿ ಅರ ಹಿಡಿದು ನಿಂತಿದ್ದಳು. ತೋರುಬೆರಳಿನ ಮೇಲೆ ಹೊಲಿಗೆಯ ಗೆರೆ. ಪಕ್ಕದಲ್ಲಿ ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಕತ್ತಿನ ಗುಂಡಿಯವರೆಗೂ ಹಾಕಿದ ಶರ್ಟು. ಪೊಲೀಸರನ್ನು ನೋಡಿ ಮೊದಲು ಹುಡುಗಿಗೆ ಹೇಳಿದರು.

"ನೀನು ನಿಲ್ಲಿಸಬೇಡ. ಮೊಣಕೈ ಅಗಲ ಮಾಡಬೇಡ."

ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದರು.

"ಇವತ್ತು ಎಂಬತ್ತೆಂಟು. ಇನ್ನೆರಡು ದಿನ ಇದೆ ಸಾರ್. ಶನಿವಾರ ನಾಲ್ಕೂವರೆಗೆ ನಾನೇ ಠಾಣೆಗೆ ಬರ್ತೀನಿ."

"ಆಗಲ್ಲ ಮೇಷ್ಟ್ರೇ."

"ಇವತ್ತಿನದಾದ್ರೂ ಮುಗೀಲಿ. ಇನ್ನು ಐವತ್ತು ನಿಮಿಷ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ಮೂರು ನಲವತ್ತು. "ಆಗಲ್ಲ" ಅಂದರು ಮತ್ತೆ.

ಮೇಷ್ಟ್ರು ಕೈ ತೊಳೆದುಕೊಂಡರು. ಒರೆಸಿಕೊಂಡ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೂಲೆಗಿಟ್ಟರು. ಹುಡುಗಿ ಉಜ್ಜುವುದನ್ನು ನಿಲ್ಲಿಸಿರಲಿಲ್ಲ. ಜೀಪು ಹೊರಡುವವರೆಗೂ ಆ ಸದ್ದು ಕೇಳುತ್ತಿತ್ತು.

ಠಾಣೆಯಲ್ಲಿ ವಿಚಾರಣೆ ಶುರುವಾದದ್ದು ನಾಲ್ಕೂ ಕಾಲಿಗೆ. ದಫೇದಾರರು ಬರೆದುಕೊಂಡರು.

"ಕಾರ್ಖಾನೆ ಮುಚ್ಚಿ ಎಷ್ಟು ದಿನ?"

"ಆರು ವರ್ಷ ಎರಡು ತಿಂಗಳು."

"ಗೊತ್ತಿದ್ದೂ ಅದರ ಹೆಸರಲ್ಲಿ ಸರ್ಟಿಫಿಕೇಟ್ ಕೊಟ್ಟಿದೀರಿ."

"ತೊಂಬತ್ತು ದಿನ ಕೆಲಸ ಮಾಡಿದ್ದಾರೆ ಅಂತ ಬರೆದಿದೀನಿ. ಮಾಡಿದ್ದಾರೆ. ಕಾರ್ಖಾನೆ ಬೆಂಚು, ಕಾರ್ಖಾನೆ ಅರ. ನಾನು ತರಬೇತಿ ಅಧಿಕಾರಿ. ನನ್ನನ್ನ ತೆಗೆದಿದೀವಿ ಅಂತ ಯಾರೂ ಕಾಗದ ಕೊಟ್ಟಿಲ್ಲ, ಹುಡುಕಿ ನೋಡಿ."

ಆಮೇಲೆ ಹುಡುಕಿ ನೋಡಿದರು. ನಿಜವಾಗಿಯೂ ಕೊಟ್ಟಿರಲಿಲ್ಲ. ಶೆಡ್ಡು ಯಾರ ಪಟ್ಟಿಗೂ ಬರದ ಹಾಗೆ, ಶೆಡ್ಡಿನ ಒಬ್ಬನೇ ನೌಕರನೂ ಬಂದಿರಲಿಲ್ಲ.

"ಯಾಕೆ ಮಾಡಿದ್ರಿ?"

ಮೇಷ್ಟ್ರು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಆ ಹನ್ನೊಂದು ಜನಕ್ಕೆ ಕೈ ಬಂದಿತ್ತು ಸಾರ್. ನನ್ನ ಕೆಲಸದ ಮೂವತ್ತು ವರ್ಷದಲ್ಲಿ ಅಂಥ ಕೈಗಳು ಬಂದಿರಲಿಲ್ಲ. ಎಂಟು ದಿನ. ನಾನು ಹಾಕಲಿಲ್ಲ. ಒಂದು ವಾರದಲ್ಲಿ ಗೇಟು ತೆಗೀತಾರೆ ಅಂದುಕೊಂಡೆ. ತೆಗೀಲಿಲ್ಲ. ಹಿಂದಿನ ಬಾಗಿಲ ಬೀಗದ ಕೈ ನನ್ನ ಹತ್ರ ಇತ್ತು. ಬನ್ನಿ, ಎಂಟು ದಿನ ಮಾಡಿ, ಹಾಕಿಕೊಡ್ತೀನಿ ಅಂತ ಒಬ್ಬೊಬ್ಬರಿಗೂ ಹೇಳಿ ಬಂದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಕೂರ್ತಿದ್ದೆ. ಯಾರೂ ಬರಲಿಲ್ಲ. ಅವರಿಗೆ ಹೊಟ್ಟೆಪಾಡಿತ್ತು."

"ಆಮೇಲೆ?"

"ಕೂರೋದು ಅಭ್ಯಾಸ ಆಯ್ತು. ಹೋದ ವರ್ಷ ಜೆರಾಕ್ಸ್ ಅಂಗಡೀಲಿ ನಿಂತಿದ್ದೆ. ಇಬ್ಬರು ಹುಡುಗಿಯರು ಇಂಟರ್ನ್‌ಶಿಪ್ ಅರ್ಜಿ ಪ್ರತಿ ಮಾಡಿಸ್ತಾ ಇದ್ದರು. ಮೂವತ್ತು ಪ್ರತಿ. ಅಷ್ಟು ಯಾಕಮ್ಮ ಅಂದೆ. ಯಾರೂ ತಗೊಳ್ಳಲ್ಲ ತಾತ, ಸಿಕ್ಕಿದ ಕಡೆ ಹಾಕ್ತೀವಿ ಅಂದ್ರು. ನನ್ನ ಹತ್ರ ಹನ್ನೆರಡು ಬೆಂಚು ಖಾಲಿ ಇತ್ತು."

ಇನ್ಸ್‌ಪೆಕ್ಟರ್ ನೀರು ಕುಡಿದು ಲೋಟ ಕೆಳಗಿಟ್ಟರು.

"ಕೊನೇ ಪ್ರಶ್ನೆ. ಕಾರ್ಖಾನೆ ಮುಚ್ಚಿದೆ ಅಂತ ಆ ಮಕ್ಕಳಲ್ಲಿ ಯಾರಿಗಾದರೂ ಗೊತ್ತಿತ್ತಾ?"

ಮೇಷ್ಟ್ರು ತಲೆ ಎತ್ತಿದರು.

"ಇದು ಯಾತಕ್ಕೆ?"

"ಗೊತ್ತಿದ್ದೂ ಸರ್ಟಿಫಿಕೇಟ್ ತಗೊಂಡವರನ್ನ ಕಾಲೇಜು ಡಿಬಾರ್ ಮಾಡುತ್ತೆ. ನೀವು ಹೇಳಿದ್ದನ್ನೇ ಬರೀತೀನಿ. ನಿಜ ಹೇಳಿ."

ದಫೇದಾರರ ಪೆನ್ನು ಕಾಗದದ ಮೇಲೆ ನಿಂತಿತ್ತು. ಅವರು ಯಾರ ಮುಖವನ್ನೂ ನೋಡಲಿಲ್ಲ. ಹೊರಗೆ ರೈಟರ್ ಯಾರಿಗೋ ಫೋನಿನಲ್ಲಿ ವಿಳಾಸ ಹೇಳಿ ಮುಗಿಸಿ ಇಟ್ಟ.

"ಯಾರಿಗೂ ಗೊತ್ತಿರಲಿಲ್ಲ" ಅಂದರು ಮೇಷ್ಟ್ರು.

"ಒಬ್ಬರಿಗೂ?"

"ಒಬ್ಬರಿಗೂ. ಬರ್ಕೊಳ್ಳಿ."

ದಫೇದಾರರು ಬರೆದುಕೊಂಡರು. ಸ್ವಇಚ್ಛಾ ಹೇಳಿಕೆಯನ್ನು ಓದಲು ಕೊಟ್ಟಾಗ ಮೇಷ್ಟ್ರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಆರು ವರ್ಷ ಮೂರು ತಿಂಗಳು ಎಂದು ಬಿದ್ದಿದ್ದನ್ನು ಎರಡು ತಿಂಗಳು ಎಂದು ತಿದ್ದಿಸಿದರು. ಕೊನೆಯ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

"ಇದರ ಕೆಳಗೆ ಹಾಕಬೇಕಾ?"

"ಹಾಕಬೇಕು" ಅಂದರು ಇನ್ಸ್‌ಪೆಕ್ಟರ್. "ಸಹಿ ಇಲ್ಲದಿದ್ರೆ ಅದು ಬರೀ ಕಾಗದ."

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಸಹಿ ಹಾಕಿದರು. ಐದು ಗಂಟೆ ಹತ್ತು ನಿಮಿಷಕ್ಕೆ ದಸ್ತಗಿರಿ ಎಂದು ದಾಖಲಾಯಿತು. ಸೆಲ್ಲಿಗೆ ಹೋಗುವಾಗ ಅವರು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದರು.

ಹದಿನಾರನೇ ತಾರೀಕು ಠಾಣೆಯಿಂದ ಕಾಲೇಜಿಗೆ ಪತ್ರ ಹೋಯಿತು. ಕೇಸ್ ಡೈರಿಯಲ್ಲಿ ಆರೋಪಿಯ ಉದ್ದೇಶ ಏನೆಂದು ಬರೆಯುವ ಕಡೆ ಇನ್ಸ್‌ಪೆಕ್ಟರ್ ಮೊದಲು 'ಲಾಭ' ಎಂದು ಬರೆದು ಹೊಡೆದುಹಾಕಿದರು, ಪುಸ್ತಕವನ್ನು ದಫೇದಾರರ ಕಡೆ ಸರಿಸಿದರು. ದಫೇದಾರರು ಯೋಚಿಸಿ ಬರೆದರು: ಹಿಂದಿನ ತಂಡದ ಹನ್ನೊಂದು ಮಂದಿಗೆ ಎಂಟು ದಿನ ಕಡಿಮೆ ಎಂಬ ಕಾರಣಕ್ಕೆ ಸಹಿ ಹಾಕದೆ ಇದ್ದದ್ದು.

ಇಪ್ಪತ್ತೊಂದು, ಶನಿವಾರ. ಒಲೆ ರಿಪೇರಿಯವನ ಮಗಳು ಒಬ್ಬಳೇ ಒಳಗೆ ಬಂದಳು. ಅಪ್ಪ ಸ್ಕೂಟರಿನ ಹತ್ತಿರವೇ ನಿಂತಿದ್ದ. ಕಮಿಟಿ ಹನ್ನೊಂದು ಜನರನ್ನೂ ಮೋಸ ಹೋದವರೆಂದು ಒಪ್ಪಿ ಅಂಕಪಟ್ಟಿ ಬಿಟ್ಟುಕೊಟ್ಟಿತ್ತು. ಪಂಪ್ ಕಂಪನಿಯ ಕೆಲಸಕ್ಕೆ ಬೇರೆಯವರು ಸೇರಿಯಾಗಿತ್ತು. ಗೆಳತಿಯ ಕೈಯಲ್ಲಿ ಸುಳ್ಳು ಕಾಗದ ಯಾವುದೂ ಇರಲಿಲ್ಲ. ಹಾಗಾಗಿ ಕಮಿಟಿಗೆ ಅವಳ ವಿಷಯದಲ್ಲಿ ಒಪ್ಪುವುದಕ್ಕೂ ಏನೂ ಇರಲಿಲ್ಲ. ಅವಳು ಬೇರೆ ಕಡೆ ಒಂದನೇ ದಿನದಿಂದ ಶುರು ಮಾಡಬೇಕು.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೂ ಹುಡುಗಿ ಹೋಗಲಿಲ್ಲ.

"ಮೇಷ್ಟ್ರು ಏನು ಹೇಳಿದ್ರು ಸಾರ್?"

"ಯಾರಿಗೂ ಗೊತ್ತಿರಲಿಲ್ಲ ಅಂದ್ರು" ಅಂದರು ದಫೇದಾರರು.

"ಬಾಯಲ್ಲಿ ಮಾತ್ರ ಹೇಳಿದ್ರಾ?"

"ಸಹಿ ಹಾಕಿದ್ದಾರೆ ತಾಯಿ."

ಹುಡುಗಿ ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತಾ ನಿಂತಳು. ಹೊರಗೆ ಅಪ್ಪ ಎರಡು ಸಲ ಹಾರ್ನ್ ಮಾಡಿದ. ಮೂರನೇ ಸಲಕ್ಕೆ ಅವಳು ಹೊರಟಳು.